ಕಡಲ ತಳದ ಚಿಪ್ಪಿಗೆ ಕುರ್ರ್!

ಬೈಲಹೊಂಗಲದಲ್ಲಿ ಹುಚ್ಚರಿಗೇನೂ ಬರವಿಲ್ಲ. ಆದರೆ ಕಡಲ ತಳದ ಚಿಪ್ಪಿನ ಬಾಯಿ ಬಿಡಿಸಿ ಹಲ್ಲು ಎಣಿಸುವ ಹುಚ್ಚಿ ಒಬ್ಬಳೇ. ಅವಳನ್ನು ಹೆತ್ತವಳು ನಾನು! ನಾನು ನಾಲ್ಕನೆಯ ಇಯತ್ತೆಗೇ ಸಾಲೆ ಬಿಟ್ಟೆ. ಅವಳು ನಲವತ್ತು ದಾಟಿದರೂ ಬಿಟ್ಟಿಲ್ಲ.

ಕರಾವಳಿಯಲ್ಲಿ ಅವಳ ನೌಕರಿ. ಬಿಸಿಲೇ ಮುಟ್ಟದ ಆಳದಿಂದ ಹಡಗಿನವರು ಕೆಸರು ಎತ್ತುತ್ತಾರಂತೆ. ಜರಡಿ ಹಿಡಿದರೆ ಎರಡು ಚಿಪ್ಪಿನ ನಡುವೆ ಬದುಕುವ ಸಣ್ಣ ಪ್ರಾಣಿಗಳು. ಚಿಪ್ಪುಗಳು ಕೂಡುವ ಕೀಲಿನಲ್ಲಿ ಹಲ್ಲುಗಳು! ಸಂತೆಯಲ್ಲಿ ಎತ್ತಿನ ಹಲ್ಲು ನೋಡಿ ವಯಸ್ಸು ಹೇಳುವಂತೆ ಇವಳು ಹಲ್ಲು ನೋಡಿ ಜಾತಿ ಹೇಳುತ್ತಾಳೆ. ಯಾವುದಕ್ಕೂ ಹೊಂದದಿದ್ದರೆ ಅದು ಹೊಸ ಜಾತಿ. ಅಂಗಾಂಗ ವರ್ಣಿಸಿ ಹೆಸರಿಡಬೇಕು. ಯಾಕೆ? ಚಿಪ್ಪು ಬಂದು ಹೆಸರು ಕೇಳಿತ್ತೇ?

ಒಮ್ಮೆ ರಜೆಗೆ ಬಂದವಳು ಸ್ಪಿರಿಟ್ಟು ತುಂಬಿದ ಬಾಟಲಿಗಳನ್ನು ನನ್ನ ಉಪ್ಪಿನಕಾಯಿ ಭರಣಿಯ ಪಕ್ಕ ಇಟ್ಟಳು. ಸವದತ್ತಿಯಿಂದ ನನ್ನ ತಂಗಿ ಬಂದಿದ್ದಳು. ಮಡಿ ಅಂದರೆ ಮಡಿ! ಮುಚ್ಚಳ ತೆಗೆದು ಮೂಸಿದವಳೇ ಕೂಗಿದಳು.

“ಅಕ್ಕಾ, ನಿಮ್ಮ ಮನ್ಯಾಗ ಯಾರ ಕುಡ್ಯಾಕ ಹತ್ಯಾರ?”

“ಯಾರೂ ಕುಡಿಯಂಗಿಲ್ಲ ಚಿಗವ್ವಾ, ಇದರಾಗ ಸತ್ತ ಪ್ರಾಣಿ ಅದಾವ,” ಎಂದಳು ನನ್ನ ಮಗಳು.

“ಅಯ್ಯ ಶಿವನ! ಇದಕ್ಕಿಂತ ಕುಡಿಯೋದ ಪಾಡ ಇತ್ತಲ್ಲವಾ!”

ಹಿಂದೆ ರಾಮದುರ್ಗದಿಂದ ಇವಳನ್ನು ನೋಡಲು ಗಂಡಿನವರೂ ಬಂದಿದ್ದರು. “ಏನ್ ಕೆಲಸ ಮಾಡ್ತಿಯವಾ?” ಎಂದು ಹುಡುಗನ ತಾಯಿ ಕೇಳಿದರು. “ಹಲ್ಲು ನೋಡ್ತೇನ್ರಿ,” ಎಂದು ಇವಳು ಭೂತಗನ್ನಡಿ ಹಿಡಿದೇ ಹೇಳಿದಳು. ಎದುರಿಗಿದ್ದ ಹುಡುಗ ತಟ್ಟನೆ ಬಾಯಿ ಮುಚ್ಚಿದ. ಮತ್ತೆ ತೆರೆಯಲೇ ಇಲ್ಲ! ಉಪ್ಪಿಟ್ಟು ತಟ್ಟೆಯಲ್ಲೇ ಉಳಿಯಿತು.

ಈ ಸಲ ದೀಪಾವಳಿಗೆ ಬಂದವಳಿಗೆ ಹೋಳಿಗೆಯೂ ರುಚಿಸಲಿಲ್ಲ. ತನ್ನದೊಂದು ಚಿಪ್ಪು ಹೊಸ ಜಾತಿಯೆಂದು ಅವಳ ನಂಬಿಕೆ. ಇಂಥವನ್ನೇ ನೋಡುತ್ತ ತಲೆ ಹಣ್ಣಾದ ಪರದೇಶದ ಹಿರಿಯರೊಬ್ಬರಿಗೆ ಚಿತ್ರ ಕಳಿಸಿ ಉತ್ತರಕ್ಕೆ ಕಾಯುತ್ತಿದ್ದಳು.

“ಅವರು ಹಳೇದು ಅಂದ್ರ?”

“ಮೊದಲ ಯಾರ ಹೆಸರಿಟ್ಟಾರೋ ಅವರದ ಖರೆ, ಅವ್ವಾ. ನನ್ನ ಇಷ್ಟ ವರ್ಷದ ಕೆಲಸ ನೀರಾಗ ಹೋತು.”

“ನೀರಾಗಿಂದ ಬಂದದ್ದು ನೀರಿಗೆ ಹೋತು, ಬಿಡ!”

ಅವಳು ನಗಲಿಲ್ಲ. ಅವಳ ಪಾಲಿಗೆ ಅದು ಚೇಷ್ಟೆಯ ಸಂಗತಿಯಲ್ಲವೆಂದು ನನಗೆ ಆಗ ತಿಳಿಯಿತು.

ಮರುವಾರ ಕಿತ್ತೂರಿನಲ್ಲಿ, ಸೊಸೆಯ ತವರಲ್ಲಿ, ನನ್ನ ಮಗನ ಕೂಸನ್ನು ತೊಟ್ಟಿಲಿಗೆ ಹಾಕುವ ಕಾರ್ಯ. ನಮ್ಮ ಕಡೆ ಹೆಸರು ಕರೆಯುವವಳು ಸೋದರತ್ತೆ. ಅವಳು ಕೂಸಿನ ಕಿವಿಯಲ್ಲಿ “ಕುರ್ರ್” ಎಂದು ಹೆಸರು ಉಸುರಬೇಕು, ಹೆಂಗಸರೆಲ್ಲ ಅವಳ ಬೆನ್ನಿಗೆ ಗುದ್ದಬೇಕು. ನನ್ನ ಮಗಳು ತೊಟ್ಟಿಲಿಗೆ ಬಗ್ಗಿದಳು. ಆಗಲೇ ಅವಳ ಫೋನು ಗುಂಯ್‌ಗುಡಬೇಕೇ! ಬಗ್ಗಿದಲ್ಲೇ ಓದಿದಳು. ಕಿಟಾರನೆ ಚೀರಿದಳು. ಕೂಸೂ ಚೀರಿತು. ಬೀಗಿತ್ತಿಯ ಕೈಯಿಂದ ಆರತಿ ತಟ್ಟೆ ಜಾರಿತು.

“ಹೊಸಾದೈತಿ ಅವ್ವಾ! ಹೊಸಾದ!”

“ಕೂಸು ಹೊಸಾದ ಇರತೈತಲ್ರಿ! ಹಳೇದ ಎಲ್ಲಿಂದ ತರೂಣು?” ಎಂದರು ಬೀಗಿತ್ತಿ, ಗಾಬರಿಯಿಂದ.

“ಮೊದಲ ಈ ಕೂಸಿನ ಹೆಸರ ಕರಿ, ಹುಚ್ಚಿ!” ಎಂದು ನಾನೇ ಅವಳ ಬೆನ್ನಿಗೆ ಮೊದಲ ಗುದ್ದಿನ ಬೋಣಿ ಮಾಡಿದೆ.

ಗದ್ದಲ ಮುಗಿದ ಮೇಲೆ ನನ್ನನ್ನು ಹಿತ್ತಲಿಗೆ ಎಳೆದೊಯ್ದಳು. “ಅಚ್ಚಾಗೂತನಾ ಯಾರ ಮುಂದೂ ಅನಬ್ಯಾಡ,” ಎಂದು ನನ್ನ ಕಿವಿಗೆ ಬಾಯಿ ಹಚ್ಚಿ, “ಕುರ್ರ್” ಎಂದು ಚಿಪ್ಪಿನ ಹೆಸರು ಹೇಳಿದಳು. ಈಗ ಅವಳ ಲೇಖನ ಅಚ್ಚಾಗಿದೆ, ಹೇಳುತ್ತೇನೆ. ಮೊದಲರ್ಧ ನನ್ನ ನಾಲಿಗೆಗೆ ಹೊರಳುವುದಿಲ್ಲ. ಉಳಿದರ್ಧ, ರೊಟ್ಟಿ!

“ಆ ಪ್ರಾಣಿಗೆ ರೊಟ್ಟಿ ಅಂತ ಇಡೂದೇನ?”

“ನೀ ಬಡಿಯೋ ಖಡಕ್ ರೊಟ್ಟಿಯಂಗ ತೆಳ್ಳಗ ಐತಿ ಬೇ. ಹಡಗಿನ ಮ್ಯಾಲ ಕೆಸರ ತೊಳದ ನೋಡಿದ ಕೂಡಲೆ ನೀ ನೆನಪಾದಿ.”

ಹೆಸರು ಕರೆದವಳಿಗೆ ಗುದ್ದಬೇಕಲ್ಲ? ಮುಷ್ಟಿ ಎತ್ತಿದೆ. ಬೆನ್ನು ಮುಟ್ಟುವಷ್ಟರಲ್ಲಿ ಅದು ತಾನಾಗಿಯೇ ಬಿಚ್ಚಿಕೊಂಡಿತು. ಚಿಪ್ಪುಗಳನ್ನು ಬಗ್ಗಿ ಬಗ್ಗಿ ನೋಡಿ ಆ ಬೆನ್ನು ನನ್ನದರಷ್ಟೇ ಬಾಗಿತ್ತು.

“ಗುದ್ದ ಬೇ,” ಎಂದಳು.

“ತಡಿ,” ಎಂದೆ. ಕೈ ಸವರುತ್ತಲೇ ಇತ್ತು.