ಡಬರಿಯೊಳಗಿನ ಕಾರ್ ಕೀ

ಕೀ ಯಾರ ಕೊರಳಲ್ಲಿದೆಯೋ ಗಾಡಿ ಅವರದು, ಗಾಡಿ ಯಾರದೋ ಮಾತು ಅವರದು. ಇದು ನಿಕನೋರ್ ಕಲಿಸಾಯನ ಮೂವತ್ತೊಂದು ವರ್ಷದ ಸಂವಿಧಾನ. ಲಾ ಪಾಜ್‌ನ ಏರುದಾರಿಗಳಲ್ಲಿ ಮಿನಿಬಸ್ಸು ಓಡಿಸುತ್ತಿದ್ದಷ್ಟು ಕಾಲವೂ ಅದರ ಕೀಯನ್ನು ದಾರಕ್ಕೆ ಪೋಣಿಸಿ ಕೊರಳಿಗೆ ಹಾಕಿಕೊಂಡಿದ್ದ. ಸ್ನಾನಕ್ಕೆ ಹೋದರೂ ತೆಗೆಯುತ್ತಿರಲಿಲ್ಲ. (ಸ್ನಾನಕ್ಕೆ ಹೋಗುತ್ತಿದ್ದುದೇ ಅಪರೂಪ ಎಂದು ಹೆಂಡತಿ ಬಸಿಲಿಯಾಳ ದೂರು.)

ಅಂಥವನ ಮನೆಗೆ ಈಗ ಕೀ ತಿರುಗಿಸುವ ತೂತೇ ಇಲ್ಲದ ಕಾರು ಬಂದಿತ್ತು. ಇದ್ದದ್ದು ಕಪ್ಪಗೆ, ನುಣ್ಣಗೆ, ದೊಡ್ಡ ಅವರೆಕಾಳಿನಂಥ ಒಂದು ಉಂಡೆ. ಅದನ್ನು ಮೈಮೇಲೆ ಇಟ್ಟುಕೊಂಡು ಬಂದರೆ ಬಾಗಿಲು ತೆರೆಯುತ್ತದೆ, ಗುಂಡಿ ಒತ್ತಿದರೆ ಎಂಜಿನ್ ಏಳುತ್ತದೆ.

ಕಾರು ಕೊಂಡ ದಿನ ಅಂಗಡಿಯವನು ಎಲ್ಲವನ್ನೂ ಬಿಡಿಸಿ ಹೇಳಿದ್ದ. "ಕಾರು ಮೆಲ್ಲಗೆ ಕರೆಯುತ್ತೆ ಅಮ್ಮಾ. ಆ ಕರೆ ಒಂದೂವರೆ ಮಾರು ದೂರಕ್ಕಿಂತ ಆಚೆ ಹೋಗಲ್ಲ. ಹತ್ತಿರ ಇದ್ರೆ ಈ ಕೀಗೆ ಕೇಳಿಸಿ, ತನ್ನ ಗುಟ್ಟಿನ ನಂಬರ್ ಹೇಳುತ್ತೆ. ನಂಬರ್ ಸರಿಯಿದ್ರೆ ಬಾಗಿಲು. ಗುಂಡಿ ಒತ್ತಿದಾಗ ಇನ್ನೊಂದ್ಸಲ ಕರೆದು, ಕೀ ಒಳಗಿದೆಯಾ ಅಂತ ನೋಡುತ್ತೆ. ಎಂಜಿನ್ ಹತ್ತಿದ ಮೇಲೆ ಕೀ ಇಲ್ಲ ಅಂತ ನಿಲ್ಲಿಸಲ್ಲ. ನಡುರಸ್ತೇಲಿ ನಿಂತ್ರೆ ಅಪಾಯ ಅಲ್ವಾ?"

"ಕೀಯನ್ನ ತಗಡಿನ ಡಬ್ಬಿಗೆ ಹಾಕಿ ಮುಚ್ಚಿಬಿಟ್ರೆ?" ಎಂದು ಕೇಳಿದ್ದಳು ಬಸಿಲಿಯಾ. ಮಾರುಕಟ್ಟೆಯಲ್ಲಿ ಕಾಳು ಮಾರುವವಳು. ತೂಕ ಸರಿಯಾಗುವವರೆಗೂ ತಕ್ಕಡಿ ಬಿಡುವವಳಲ್ಲ.

"ಆಗ ಅದಕ್ಕೆ ಕಿವೀನೂ ಇಲ್ಲ, ಬಾಯೀನೂ ಇಲ್ಲ."

ಅಷ್ಟು ಹೊತ್ತೂ ನಿಕನೋರ್ ಟೈರುಗಳನ್ನು ಒದ್ದು ಪರೀಕ್ಷಿಸುತ್ತಿದ್ದ. ಮೂವತ್ತೊಂದು ವರ್ಷದ ಚಾಲಕನಿಗೆ ಪಾಠ ಯಾಕೆ? ಅವನು ಮಾಡಿದ್ದು ಒಂದೇ ಕೆಲಸ: ಉಂಡೆಯ ಅಂಚಿನಲ್ಲಿದ್ದ ತೂತಿಗೆ ಹಳೇ ದಾರ ಪೋಣಿಸಿ ಕೊರಳಿಗೆ ಹಾಕಿಕೊಂಡ.

ಕಾರಿಗೆ ಆಶೀರ್ವಾದ ಮಾಡಿಸಲು ಕೊಪಕಬಾನಕ್ಕೆ ಹೋಗಬೇಕು. ಅಲ್ಲಿ ಇಗರ್ಜಿಯ ಮುಂದೆ ಬಸಿಲಿಯಾಳ ಅಣ್ಣ ಎಲೆವುತೇರಿಯೊ, ಅಂದರೆ ಆಶೀರ್ವಾದದಲ್ಲಿ ಕಾರಿಗೆ ತಂದೆಯ ಸ್ಥಾನದಲ್ಲಿ ನಿಲ್ಲುವ ಜ್ಞಾನಪಿತ, ಹೂವಿನ ಹಾರ ಹಿಡಿದು ಕಾಯುತ್ತಾನೆ. ಹನ್ನೆರಡು ಹೊಡೆದರೆ ಪಾದ್ರಿಗಳು ಊಟಕ್ಕೆ ಏಳುತ್ತಾರೆ. ಹೊರಡುವ ಮುನ್ನ ಬಸಿಲಿಯಾ ಸೊಂಟಕ್ಕೆ ಕೈಕೊಟ್ಟು ನಿಂತಳು.

"ಮುದುಕಾ, ಆ ಕೀ ನನ್ನ ಬಟ್ಟೆಯ ಗಂಟಿನಲ್ಲಿರಲಿ. ನಿನ್ನ ದಾರ ಸವೆದಿದೆ."

"ಕೀ ಇರಬೇಕಾದ್ದು ಓಡಿಸೋನ ಕೊರಳಲ್ಲಿ. ನೀನು ಅವರೆಕಾಳು ನೋಡ್ಕೋ."

"ಹಾಗಾದ್ರೆ ಒಂದು ಮಾತು. ಕೊಪಕಬಾನ ಮುಟ್ಟೋದರೊಳಗೆ ನಿನ್ನ ತಪ್ಪಿಂದ ಕಾರು ಒಂದೇ ಒಂದ್ಸಲ ನಿಂತ್ರೂ, ಅಲ್ಲಿಂದಾಚೆ ಸ್ಟೀರಿಂಗು ನಂದು."

ನಿಕನೋರ್ ಹೊಟ್ಟೆ ಹಿಡಿದು ನಕ್ಕ. "ನಿಂಗೆ ಓಡಿಸೋಕೆ ಎಲ್ಲಿ ಬರುತ್ತೆ ಮುದುಕಿ?"

"ಬರಲ್ಲ ಅಂದ್ಮೇಲೆ ನಿಂಗೇನು ಭಯ? ಕೊಪಕಬಾನದ ಮಾತೆ ಮೇಲೆ ಆಣೆ ಇಡು."

ಆಣೆ ಇಟ್ಟ. ನಗುತ್ತಲೇ ಇಟ್ಟ.

ಸರೋವರ ದಾಟುವ ತಿಕಿನಾ ಕಡವಿನವರೆಗೂ ಕಾರು ಬೆಣ್ಣೆಯಂತೆ ಓಡಿತು. ಕಡವಿನಲ್ಲಿ ಗಾಡಿಗಳ ಸಾಲು. ಅಲ್ಲಿಯ ಕಟ್ಟಳೆ ಗೊತ್ತಲ್ಲ: ಗಾಡಿಯೂ ಚಾಲಕನೂ ಹಲಗೆ ತೆಪ್ಪದ ಮೇಲೆ, ಮಿಕ್ಕವರೆಲ್ಲ ಇಳಿದು ಬೇರೆ ದೋಣಿಯಲ್ಲಿ. ಸಾಲು ಇಂಚಿಂಚಾಗಿ ಸರಿಯುತ್ತಿತ್ತು. ಬಸಿಲಿಯಾ ಕಿಟಕಿಯಿಂದ ತಲೆ ಹೊರಹಾಕಿ ದೋಣಿಯ ಚೀಟಿ ಕೊಡುವವನನ್ನು ಕೂಗುತ್ತಿದ್ದಳು. ಅಷ್ಟರಲ್ಲಿ ನಿಕನೋರನ ಕಣ್ಣಿಗೆ ಒಬ್ಬ ಬಿದ್ದ. ಅವನ ಹೆಗಲ ಮೇಲೆ ಮನೆಮಾಳಿಗೆಯ ಟೀವಿಗೆ ಹಾಕುವಂಥ ಉದ್ದನೆಯ, ಕವಲು ಕವಲಾದ ಆಂಟೆನಾ!

ಪಕ್ಕದ ಮನೆಯ ಫಿಲಿಬೆರ್ತೊ ಹೇಳಿರಲಿಲ್ಲವೇ? "ಈಗಿನ ಕಳ್ಳರು ಬಾಗಿಲು ಮುರಿಯಲ್ಲ ಕಣಯ್ಯಾ. ಆಂಟೆನಾ ಹಿಡ್ಕೊಂಡು ನಿನ್ನ ಪಕ್ಕ ನಿಂತು, ಕಾರಿನ ಕರೆಯನ್ನ ಎಳೆದು ತಂದು ನಿನ್ನ ಕೀಗೆ ಕೇಳಿಸ್ತಾರೆ. ಕೀ ಪೆದ್ದು, ಉತ್ತರ ಕೊಟ್ಟುಬಿಡುತ್ತೆ. ಕಾರು ಹೋಯ್ತು. ಅದನ್ನ ಲೋಹದ ಪಾತ್ರೇಲಿ ಮುಚ್ಚಿಡು." ಅಂದಿನಿಂದ ಮನೆಯಲ್ಲಿ ಕೀ ಸಕ್ಕರೆ ಡಬ್ಬಿಯಲ್ಲೇ ಮಲಗುತ್ತಿತ್ತು.

ಇಲ್ಲಿ ಸಕ್ಕರೆ ಡಬ್ಬಿ ಎಲ್ಲಿ? ಸೀಟಿನ ಹಿಂದೆ ಬಸಿಲಿಯಾಳ ಅಲ್ಯುಮಿನಿಯಂ ಡಬರಿ ಇತ್ತು, ಅದರ ತುಂಬ ಹುರಿದ ಅವರೆಕಾಳು. ಸರಕ್ಕನೆ ದಾರದಿಂದ ಕೀ ಬಿಚ್ಚಿ, ಕಾಳಿನ ಮೇಲೆ ಹಾಕಿ, ಮುಚ್ಚಳ ಒತ್ತಿದ. ಎಂಜಿನ್ ನಡೆಯುತ್ತಲೇ ಇತ್ತು. ಆಹಾ, ಏನು ಬುದ್ಧಿ ಎಂದು ತನ್ನ ಬೆನ್ನನ್ನು ತಾನೇ ತಟ್ಟಿಕೊಂಡ.

"ಮೇಸ್ತ್ರೀ, ಬಾ ಬಾ ಬಾ! ನೇರ, ನೇರ!" ತೆಪ್ಪದವನು ಕೈ ಬೀಸಿದ. ಎರಡು ಹಲಗೆಗಳ ಮೇಲೆ ಚಕ್ರ ಹತ್ತಿಸಬೇಕು, ಗೇಣು ತಪ್ಪಿದರೆ ನೀರು. ನಿಕನೋರ್ ನಾಲಿಗೆ ಕಚ್ಚಿ ಹಲಗೆಯನ್ನೇ ನೋಡುತ್ತಿದ್ದ. ಆ ಹೊತ್ತಿಗೇ ಬಸಿಲಿಯಾ ಇಳಿದು, ಹಿಂದಿನಿಂದ ಏನನ್ನೋ ಎತ್ತಿಕೊಂಡು ಬಾಗಿಲು ಹಾಕಿದಳು. ಕಾರು ಪೀಂ ಪೀಂ ಪೀಂ ಎಂದು ಮೂರು ಸಲ ಕೂಗಿತು.

"ನೋಡು, ಅವಳು ಇಳಿದದ್ದಕ್ಕೆ ಕಾರಿಗೂ ಖುಷಿ," ಎಂದುಕೊಂಡ ನಿಕನೋರ್.

ತೆಪ್ಪದಲ್ಲಿ ಮುಂದೆ ಕುರಿ ತುಂಬಿದ ಲಾರಿ, ಅದರ ಹಿಂದೆ ಇವನ ಕಾರು. "ಎಂಜಿನ್ ಆಫ್!" ಎಂದ ತೆಪ್ಪದವನು. ನಿಕನೋರ್ ರಾಜಗಾಂಭೀರ್ಯದಿಂದ ಗುಂಡಿ ಒತ್ತಿದ. ಎಂಜಿನ್ ನಿಂತಿತು.

ತೆಪ್ಪ ನಡುನೀರಿಗೆ ಬಂದಾಗ ಹಸಿವಾಯಿತು. ಹಿಂದಕ್ಕೆ ಕೈ ಹಾಕಿದ. ಡಬರಿ ಇಲ್ಲ.

ಇನ್ನೊಮ್ಮೆ ತಡಕಿದ. ಬಸಿಲಿಯಾಳ ಕೈಚೀಲ ಸಿಕ್ಕಿತು, ಡಬರಿ ಇಲ್ಲ. ಗಾಬರಿಯಲ್ಲಿ ಅವಳಿಗೆ ಫೋನ್ ಮಾಡಿದ. ಫೋನು ಅದೇ ಕೈಚೀಲದಲ್ಲಿ ಹಾಡತೊಡಗಿತು.

ಅಷ್ಟರಲ್ಲಿ ಜನರ ದೋಣಿ ಪಕ್ಕದಲ್ಲೇ, ಕಲ್ಲೆಸೆತದ ದೂರದಲ್ಲಿ ಸಾಗಿ ಬಂತು. ಮುಂಭಾಗದಲ್ಲಿ ಬಸಿಲಿಯಾ, ತೊಡೆಯ ಮೇಲೆ ಡಬರಿ. ಪಕ್ಕದಲ್ಲಿ ಆ ಆಂಟೆನಾ ಕಳ್ಳ! ನಿಕನೋರ್ ನೋಡುತ್ತಿದ್ದಂತೆಯೇ ಅವಳು ಮುಚ್ಚಳ ತೆಗೆದಳು.

ಬಸಿಲಿಯಾ ಏನು ತಿಂದರೂ ಮೊದಲ ಹಿಡಿ ಭೂತಾಯಿಗೆ. ನೀರಿನ ಮೇಲಿದ್ದರೆ ನೀರಿಗೆ. ಮದುವೆಯಾದಂದಿನಿಂದ ಒಂದು ದಿನವೂ ತಪ್ಪಿಸಿದವಳಲ್ಲ.

"ಎಸೀಬೇಡ! ಬಸಿಲಿಯಾ, ಎಸೀಬೇಡ!" ತೆಪ್ಪದ ಅಂಚಿಗೆ ಓಡಿ ಎರಡೂ ಕೈ ಬೀಸಿದ. ಗಾಳಿ ಅವನ ಮಾತನ್ನು ಹಿಂದಕ್ಕೆ ಕೊಂಡೊಯ್ದು ಕುರಿಗಳಿಗೆ ಕೇಳಿಸಿತು. ಬಸಿಲಿಯಾ ತಲೆಯೆತ್ತಿ ನೋಡಿ, ಇಷ್ಟು ವರ್ಷಕ್ಕೆ ಗಂಡನಿಗೆ ಪ್ರೀತಿ ಉಕ್ಕಿತೆಂಬಂತೆ ತಾನೂ ಕೈ ಬೀಸಿದಳು.

ಆಮೇಲೆ ಒಂದು ಹಿಡಿ ಸರೋವರಕ್ಕೆ ಎಸೆದಳು. ಒಂದು ಹಿಡಿ ಬೆಟ್ಟಗಳ ಹೆಸರಿನಲ್ಲಿ. ಸ್ವಲ್ಪ ಯೋಚಿಸಿ ಮೂರನೆಯದು, ಹೊಸ ಕಾರಿನ ಹೆಸರಿನಲ್ಲಿ. ಪ್ರತಿ ಹಿಡಿಗೂ ನಿಕನೋರ್ ಒಂದೊಂದು ಮೆಟ್ಟಿಲು ಕುಸಿದಂತೆ ಕುಸಿದ. ಬಳಿಕ ಅವಳು ಆಂಟೆನಾದವನಿಗೂ ಒಂದು ಹಿಡಿ ಕೊಟ್ಟು ಮುಚ್ಚಳ ಹಾಕಿದಳು.

ತೆಪ್ಪ ಆಚೆ ದಡ ಮುಟ್ಟಿತು. ಕೊನೆಗೆ ಹತ್ತಿದವನು ಮೊದಲು ಹಿಂದಕ್ಕೆ ಇಳಿಸಬೇಕು. ನಿಕನೋರ್ ಗುಂಡಿ ಒತ್ತಿದ. ಕೀ ಇಲ್ಲವೆಂದು ಕೆಂಪು ದೀಪ ಮಿಟುಕಿತು. ಮತ್ತೆ ಒತ್ತಿದ. ಮತ್ತೆ ಕೆಂಪು.

"ಮೇಸ್ತ್ರೀ, ತಳ್ಳೋಣ್ವಾ?"

ತಳ್ಳಿದರು. ಗೇರು ಬಿಗಿದುಕೊಂಡಿತ್ತು, ಸ್ಟೀರಿಂಗೂ ಬಿಗಿದುಕೊಂಡಿತ್ತು. ಕಾರು ತೆಪ್ಪವನ್ನು ಕಚ್ಚಿ ಹಿಡಿದಂತೆ ನಿಂತಿತ್ತು.

ಲಾರಿಯವನು ಹಾರನ್ ಒತ್ತಿದ. "ಯೋವ್ ತಾತಾ! ನನ್ನ ಕುರಿ ಮರಿ ಹಾಕೋದರೊಳಗೆ ಇಳಿಸ್ತೀಯಾ?"

ಹನ್ನೊಂದಾಗಲು ಐದು ನಿಮಿಷ. ಕೊಪಕಬಾನ ಇನ್ನೂ ಒಂದು ಗಂಟೆಯ ದಾರಿ. ಆಗ ಬಸಿಲಿಯಾ ಹಲಗೆಯ ಮೇಲೆ ನಿಧಾನವಾಗಿ ನಡೆದು ಬಂದು, ಪಕ್ಕದ ಸೀಟಿನಲ್ಲಿ ಕೂತು, ಡಬರಿಯನ್ನು ತೊಡೆಯ ಮೇಲಿಟ್ಟುಕೊಂಡಳು.

"ಹೊರಡು ಮುದುಕಾ, ಹೊತ್ತಾಯ್ತು."

ನಿಕನೋರ್ ಆಸೆಯಿಂದ ಒತ್ತಿದ. ಕೆಂಪು. ಡಬರಿ ಪಕ್ಕದಲ್ಲೇ ಇದ್ದರೂ ಕೆಂಪು! ಗಾಬರಿಬಿದ್ದ ತಲೆಗೆ ಸಂಶಯವೇ ಉಳಿಯಲಿಲ್ಲ, ಕೀ ಮೀನಿನ ಹೊಟ್ಟೆ ಸೇರಿತ್ತು.

"ಏನಾಯ್ತು?"

"ಎಂಜಿನ್... ತಣ್ಣಗಾಗಿದೆ. ಸರೋವರದ ಗಾಳಿ."

"ಹೌದಾ. ಕೀ ಕೊರಳಲ್ಲಿದೆ ತಾನೇ?"

"ಇರದೆ ಎಲ್ಲಿಗೆ ಹೋಗುತ್ತೆ?" ಎಂದು ಬರೀ ದಾರವನ್ನು ಅಂಗಿಯೊಳಗೆ ತುರುಕಿದ.

ತೆಪ್ಪದವನು ಕಿಟಕಿಗೆ ಬಗ್ಗಿದ. "ನೋಡು ಮೇಸ್ತ್ರಿ, ಹತ್ತು ಎಣಿಸ್ತೀನಿ. ಆಗಲಿಲ್ಲ ಅಂದ್ರೆ ಕುರಿ ಸಮೇತ ವಾಪಸ್ ಆ ದಡಕ್ಕೆ. ಒಂದು... ಎರಡು..."

"ನಿನ್ನ ಬಾಯಿ ಸೇದಿಹೋಗ! ಕುರಿ ಸಮೇತ ಅಂತೆ!" ಎಂದು ಲಾರಿಯವನು ಕೆಳಗೆ ಧುಮುಕಿದ.

"ಐದು... ಆರು..."

"ಕೀ ನೀರಲ್ಲಿದೆ!" ಎಂದು ಕಿರುಚಿದ ನಿಕನೋರ್. "ನೀನೇ ಎಸೆದೆ! ಅವರೆಕಾಳಿನ ಜೊತೆ!"

"ಅವರೆಕಾಳಿಗೆ ಯಾರು ಹಾಕಿದ್ದು, ಡಾನ್ ನಿಕನೋರ್?" ಅವಳು ಹೆಸರಿಗೆ ಡಾನ್ ಎಂಬ ಮರ್ಯಾದೆಯ ಮಾತು ಸೇರಿಸಿದಳೆಂದರೆ ಸಂಗತಿ ಕೆಟ್ಟಿತೆಂದೇ ಲೆಕ್ಕ.

"...ನಾನು."

"ಲಾರಿಯವರಿಗೆ ಕೇಳಿಸಲಿಲ್ಲ."

"ನಾನು!"

"ಕಾರು ನಿಂತದ್ದು ಯಾರ ತಪ್ಪಿಂದ?"

"ನನ್ನ ತಪ್ಪಿಂದ!"

"ಹಾಗಾದ್ರೆ ಈ ಕಡೆ ಬನ್ನಿ."

ಅವಳು ಸುತ್ತಿ ಬಂದು ಸ್ಟೀರಿಂಗ್ ಮುಂದೆ ಕೂತಳು, ಲಂಗದ ನೆರಿಗೆಗಳನ್ನು ಸರಿಮಾಡಿಕೊಂಡಳು, ಕನ್ನಡಿಯನ್ನು ತನ್ನ ಎತ್ತರಕ್ಕೆ ತಿರುಗಿಸಿದಳು. ಡಬರಿಯನ್ನು ಅವನ ತೊಡೆಯ ಮೇಲಿಟ್ಟು, "ಮುಚ್ಚಳ ತೆಗೀರಿ," ಎಂದಳು.

ತೆಗೆದ. ಹುರಿದ ಕಾಳುಗಳ ನಡುವೆ ಹುರಿಯದ ಕಪ್ಪು ಕಾಳೊಂದು ಅವನನ್ನೇ ನೋಡುತ್ತಿತ್ತು.

ಬಸಿಲಿಯಾ ಗುಂಡಿ ಒತ್ತಿದಳು. ಎಂಜಿನ್ ಎದ್ದಿತು.

"ದೋಣೀಲಿ ಮುಚ್ಚಳ ತೆಗೆದ ಕೂಡಲೇ ಕಂಡೆ," ಎಂದಳು, ಹಿಂದೆ ತಿರುಗಿ ಹಲಗೆ ನೋಡುತ್ತ. "ಪಕ್ಕಕ್ಕೆ ಸರಿಸಿ ಕಾಳು ಎಸೆದೆ. ಆಮೇಲೆ ಮುಚ್ಚಿಟ್ಟೆ. ಲೋಹದೊಳಗೆ ಅದಕ್ಕೆ ಕಿವಿ ಬಾಯಿ ಇಲ್ಲ ಅಂತ ಅಂಗಡಿಯವನು ಹೇಳಿದ್ದ. ನೀವು ಟೈರು ಒದೀತಿದ್ರಿ."

"ಅಯ್ಯೋ, ಹಲಗೆ! ಹಿಂದಕ್ಕೆ ಹೇಗೆ..."

"ಬಾಯ್ಮುಚ್ಚಿ ಕೂತ್ಕೊಳ್ಳಿ. ನಾಲ್ಕು ತಿಂಗಳಿಂದ ಬೆಳಿಗ್ಗೆ ಮಾರುಕಟ್ಟೆಗೆ ಈರುಳ್ಳಿ ಲಾರಿ ಹಿಂದಕ್ಕೆ ಹಾಕ್ತಿರೋಳು ಯಾರು ಅಂದ್ಕೊಂಡ್ರಿ?"

ಕಾರು ಎರಡೂ ಹಲಗೆಗಳ ಮೇಲೆ ನೂಲು ಹಿಡಿದಂತೆ ಇಳಿಯಿತು. ತೆಪ್ಪದವನು ಏಳರಲ್ಲೇ ಎಣಿಕೆ ನಿಲ್ಲಿಸಿದ್ದ.

ಹನ್ನೆರಡಕ್ಕೆ ಮೂರು ನಿಮಿಷವಿದ್ದಾಗ ಇಗರ್ಜಿಯ ಮುಂದೆ ನಿಂತರು. ಅಣ್ಣ ಎಲೆವುತೇರಿಯೊ ಹಾರ ಹಿಡಿದು ಓಡಿಬಂದವನು ತಂಗಿಯನ್ನು ನೋಡಿ, ಭಾವನ ತೊಡೆಯ ಡಬರಿಯನ್ನು ನೋಡಿ, ಹಾರವನ್ನು ಕಾರಿನ ಮೂತಿಗೆ ಕಟ್ಟಿದ. ಪಾದ್ರಿಗಳು ಚಕ್ರಕ್ಕೆ, ಎಂಜಿನ್ನಿಗೆ ತೀರ್ಥ ಚಿಮುಕಿಸಿ, "ಓಡಿಸೋರು ಕೈ ಚಾಚಿ," ಎಂದರು. ಮೂವತ್ತೊಂದು ವರ್ಷದ ಅಭ್ಯಾಸ, ನಿಕನೋರ್ ಎರಡೂ ಕೈ ಚಾಚಿದ. ತೀರ್ಥ ಅವನನ್ನು ದಾಟಿಕೊಂಡು ಬಸಿಲಿಯಾಳ ಅಂಗೈಗೆ ಬಿತ್ತು.

ಅವಳು ಕೈ ಒರೆಸಿಕೊಂಡು, ಡಬರಿಯಿಂದ ಕೀ ಎತ್ತಿ, ಹೊಟ್ಟು ಊದಿ, ಹೊಸ ದಾರ ಪೋಣಿಸಿ ಗಂಡನ ಕೊರಳಿಗೆ ಹಾಕಿದಳು.

"ತಗೋ ಮುದುಕಾ. ಕೀ ನಿನ್ನ ಕೊರಳಲ್ಲೇ ಇರಲಿ," ಎಂದಳು. "ನೀನು ಪಕ್ಕದಲ್ಲಿ ಕೂತಿದ್ರೆ ಸಾಕು, ನಾನು ಗುಂಡಿ ಒತ್ಕೋತೀನಿ."