ಅತ್ತೆ ನಿಲ್ಲಿಸಿದ ಮೇಯರ್ ಚುನಾವಣೆ

ನಮ್ಮತ್ತೆ ಮಲೇಷ್ಯಾದಲ್ಲಿ ಒಂದು ಮೇಯರ್ ಚುನಾವಣೆಯನ್ನು ನಡುವೆಯೇ ನಿಲ್ಲಿಸಿಬಿಟ್ಟರು ಎಂದರೆ ನೀವು ನಂಬುವುದಿಲ್ಲ. ನಂಬಲೂಬೇಡಿ! ಇಲ್ಲಿ ಮೇಯರ್‌ಗೆ ಚುನಾವಣೆಯೇ ಇಲ್ಲ. ಮೇಲಿನವರು ನೇಮಿಸುತ್ತಾರೆ, ಕೆಳಗಿನವರು ಪೇಪರಿನಲ್ಲಿ ಓದಿಕೊಳ್ಳುತ್ತಾರೆ. ಇಲ್ಲದ ಚುನಾವಣೆಯನ್ನು ನಿಲ್ಲಿಸುವುದಕ್ಕೂ ಒಂದು ಯೋಗ್ಯತೆ ಬೇಕಲ್ಲ, ಅದು ನಮ್ಮತ್ತೆಗೆ ಧಾರಾಳವಾಗಿದೆ.

ಅವರು ಮೈಸೂರಿನ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಮಾಡಿದವರು. ಚುನಾವಣೆ ಡ್ಯೂಟಿ ಬಂತೆಂದರೆ ಊರಿನ ಮೇಷ್ಟರುಗಳಿಗೆಲ್ಲ ಬಿ.ಪಿ., ಸಕ್ಕರೆ ಕಾಯಿಲೆ, ಸೊಂಟನೋವು ಒಟ್ಟೊಟ್ಟಿಗೇ ಶುರುವಾಗುತ್ತಿತ್ತಂತೆ. ನಮ್ಮತ್ತೆ ಮಾತ್ರ ತಾಲ್ಲೂಕು ಕಚೇರಿಗೆ ತಾವಾಗಿಯೇ ಹೋಗಿ ಡ್ಯೂಟಿ ಕೇಳಿ ಹಾಕಿಸಿಕೊಳ್ಳುತ್ತಿದ್ದರು! ಮತಪೆಟ್ಟಿಗೆಗೆ ಅರಗು ಹಾಕುವುದನ್ನು ಅವರು ವರ್ಣಿಸುವಾಗ ನೋಡಬೇಕು. ಒಬ್ಬನೇ ಮಗನ ಮದುವೆಯನ್ನೂ ಅವರು ಇಷ್ಟು ಸಂಭ್ರಮದಿಂದ ವರ್ಣಿಸಿದ್ದಿಲ್ಲ. ಆ ಮದುವೆಯ ಹೆಣ್ಣು ನಾನೇ ಆದ್ದರಿಂದ ಈ ವಿಷಯ ನನಗೆ ಚೆನ್ನಾಗಿ ಗೊತ್ತು.

ಮಾವ ತೀರಿಕೊಂಡ ಮೇಲೆ ಇಲ್ಲಿ ಪುಚೊಂಗ್‌ನಲ್ಲಿರುವ ನಮ್ಮ ಕಾಂಡೋ ಫ್ಲ್ಯಾಟಿಗೆ ಬಂದರು. ಬಂದ ಮಾರನೇ ದಿನವೇ ಲಿಫ್ಟಿನಲ್ಲಿ ಜಗಳ. ಯಾರ ಜೊತೆ? ಲಿಫ್ಟಿನ ಜೊತೆಯೇ! ಗುಂಡಿಗಳಲ್ಲಿ ಮೂರು ಆದ ಮೇಲೆ ಮೂರು-ಎ, ಆಮೇಲೆ ಸೀದಾ ಐದು.

“ನಾಲ್ಕು ಎಲ್ಲಿ ಹೋಯ್ತು? ಹೀಗೆ ಎಣಿಸಿದ್ರೆ ನನ್ನ ಕ್ಲಾಸಲ್ಲಿ ಬೆಂಚ್ ಮೇಲೆ ನಿಲ್ಲಿಸ್ತಿದ್ದೆ!”

ಲಿಫ್ಟಿನಲ್ಲಿದ್ದ ಎಂಟನೇ ಮಹಡಿಯ ಚೀನೀ ಹೆಂಗಸು ಪಾಪ, ಸಹಾಯ ಮಾಡಲು ಹೋದರು. ಚೀನೀಯರಿಗೆ ನಾಲ್ಕು ಎಂದರೆ ಸಾವಿನ ಸಂಖ್ಯೆ, ಅದಕ್ಕೇ ಬಿಟ್ಟಿದ್ದಾರೆ ಎನ್ನುವುದನ್ನು ಭಾಷೆಯಿಲ್ಲದೆ ಹೇಳುವುದು ಹೇಗೆ? ನಾಲ್ಕು ಬೆರಳು ತೋರಿಸಿ, ಕಣ್ಣು ಮೇಲೆ ಮಾಡಿ, ನಾಲಿಗೆ ಹೊರಹಾಕಿ, ಕತ್ತು ವಾಲಿಸಿದರು. ಅತ್ತೆ ಗಾಬರಿಬಿದ್ದು ‘ಅಯ್ಯೋ, ಮೂರ್ಛೆರೋಗ!’ ಎಂದು ಕಿರುಚಿ, ಮನೆಯ ಬೀಗದ ಕೈ ಗೊಂಚಲನ್ನು ಅವರ ಮುಷ್ಟಿಗೆ ತುರುಕಿ, ಮುಷ್ಟಿಯನ್ನು ಬಿಗಿಯಾಗಿ ಹಿಡಿದು ಕೂತುಬಿಟ್ಟರು. ಲಿಫ್ಟು ಮೂರು ಸಲ ಮೇಲೆ ಕೆಳಗೆ ಓಡಾಡಿತು. ಇಳಿಯುವಾಗ ಇಬ್ಬರೂ ನಗುತ್ತಿದ್ದರು.

ಅಂದಿನಿಂದ ಬೆಳಿಗ್ಗೆ ಏಳಕ್ಕೆ ಇಬ್ಬರದೂ ಈಜುಕೊಳದ ಸುತ್ತ ವಾಕಿಂಗ್. ಇವರದು ಅಚ್ಚ ಮೈಸೂರು ಕನ್ನಡ, ಅವರದು ಅರ್ಧ ಮಲಯ್, ಅರ್ಧ ಕ್ಯಾಂಟನೀಸ್. “ಅಜ್ಜಿ, ಹೌ ಡು ಯು ಅಂಡರ್‌ಸ್ಟ್ಯಾಂಡ್?” ಎಂದು ನನ್ನ ಮಗಳು ಕೇಳಿದಳು. “ಎಲ್ಲಾ ಎಲ್ಲಿ ಅರ್ಥವಾಗುತ್ತೆ ಪುಟ್ಟಿ! ಅವರ ಸೊಸೆಗೂ ಅಡುಗೆ ಬರಲ್ಲ ಅನ್ನೋದು ಮಾತ್ರ ಸರಿಯಾಗಿ ಗೊತ್ತಾಯ್ತು,” ಎಂದರು ಅತ್ತೆ, ನನ್ನ ಕಡೆ ನೋಡದೆ.

ಇಡೀ ಪುಚೊಂಗ್‌ನಲ್ಲಿ ಅವರಿಗಿದ್ದ ಸ್ನೇಹ ಅದೊಂದೇ. ಇದನ್ನು ನಾನು ಹಗುರವಾಗಿ ಹೇಳುತ್ತಿಲ್ಲ. ಮನೆಯಲ್ಲಿ ನಾವೆಲ್ಲ ಸೈಬರ್‌ಜಯಾ ಆಫೀಸು, ಶಾಲೆ ಎಂದು ಓಡುವಾಗ ಅತ್ತೆಯ ದಿನ ನಿಂತಿದ್ದದ್ದೇ ಆ ಒಂದು ಗಂಟೆಯ ಮೇಲೆ.

ಇನ್ನು ಸಿನಿಮಾ. ನಮ್ಮ ಪಕ್ಕದ ಮನೆಯ ತಮಿಳು ಅಕ್ಕ ಸಿನಿಮಾಗಳಿಗೆ ಜನ ಸೇರಿಸಿ ಕೊಡುವವರು. ಒಂದು ದಿನ ಬಂದು, “ಅಮ್ಮಾ, ಸುಮ್ನೆ ಲೈನಲ್ಲಿ ನಿಂತ್ರೆ ಸಾಕು ಲಾ! ಮಕಾನ್ ಎಲ್ಲಾ ಅವರದ್ದೇ, ಮಿಕ್ಕಿದ್ದು ಟಪಾವ್ ಮಾಡ್ಕೊಂಡು ಬರಬಹುದು,” ಎಂದರು. ‘ಲಾ’ ಇಲ್ಲಿನವರ ಮಾತಿನ ಬಾಲ, ಮಕಾನ್ ಎಂದರೆ ಊಟ, ಟಪಾವ್ ಎಂದರೆ ಪೊಟ್ಟಣ ಕಟ್ಟಿಕೊಳ್ಳುವುದು. ಊಟದ ಆಸೆಗೆ ಅತ್ತೆ ಬಗ್ಗುವವರಲ್ಲ. “ಚುನಾವಣೆ ಸೀನು” ಎಂದ ಕೂಡಲೇ ಸೀರೆಗೆ ಇಸ್ತ್ರಿ ಹಾಕತೊಡಗಿದರು. ಎಂಟನೇ ಮಹಡಿಯವರನ್ನೂ ಎಳೆದುಕೊಂಡರು. ಕಾವಲಿಗೆ ನಾನು ರಜೆ ಹಾಕಿ ಹೋದೆ.

ಕಥೆ ಒಂದು ಕಲ್ಪನೆಯ ನಗರದ್ದು. ನಡುವೆ ನದಿ. ಆ ದಡದವರಿಗೆ ಈ ದಡದವರನ್ನು ಕಂಡರಾಗದು. ಮೊದಲ ಸಲ ಮೇಯರ್ ಚುನಾವಣೆ, ಎಲ್ಲರೂ ಅಭ್ಯರ್ಥಿಯ ಚರ್ಮದ ಬಣ್ಣ ನೋಡಿಯೇ ಮತ ಹಾಕುವವರು. ಬಳಸದೆ ಬಿಟ್ಟ ಹಳೇ ಶಾಲೆಯೊಂದರಲ್ಲಿ ಶೂಟಿಂಗ್. ಬಾಗಿಲಲ್ಲೇ ಒಬ್ಬಳು ಹುಡುಗಿ ಬಂದವರ ಮುಖ ನೋಡಿ ರಿಬ್ಬನ್ ಕಟ್ಟುತ್ತಿದ್ದಳು. ಚೀನೀಯರಿಗೆ ಹಳದಿ, ಮಲಯರಿಗೆ ಬಿಳಿ, ನಮ್ಮಂಥವರಿಗೆ ನೀಲಿ. ಅತ್ತೆ ಹೌಹಾರಿದರು!

“ಏನಮ್ಮಾ ಇದು? ಮುಖ ನೋಡಿ ಲೈನು ಮಾಡೋದಾ? ಗಂಡಸರದ್ದೊಂದು ಲೈನು, ಹೆಂಗಸರದ್ದೊಂದು ಲೈನು. ಮತಗಟ್ಟೆಯಲ್ಲಿ ಇರೋದು ಅಷ್ಟೇ! ನಮ್ಮಲ್ಲಿ ಇಂಥದ್ದೆಲ್ಲಾ ನಡೆಯಲ್ಲ!”

“ಆದ್ರೆ ಅತ್ತೆ,” ಎಂದೆ ನಾನು, “ಎಣಿಕೆಗೆ ಮುಂಚೇನೇ ಯಾವ ವಾರ್ಡಲ್ಲಿ ಯಾರು ಗೆಲ್ತಾರೆ ಅಂತ ಹೇಳಿಬಿಡ್ತಿದ್ದೆ ಅಂತೀರಲ್ಲ, ಅದು ಹೇಗೆ ಗೊತ್ತಾಗ್ತಿತ್ತು?”

“ಅದರಲ್ಲೇನಿದೆ! ಪಟ್ಟಿಯಲ್ಲಿ ಹೆಸರು ನೋಡಿದ್ರೆ ಯಾವ ಜನ ಅಂತ...”

 ಅತ್ತೆ ತಮ್ಮ ನೀಲಿ ರಿಬ್ಬನ್ನನ್ನು ಸರಿಮಾಡಿಕೊಳ್ಳತೊಡಗಿದರು.

ಆದರೆ ಮತಪೆಟ್ಟಿಗೆ ಕಂಡದ್ದೇ ತಡ, ಮತ್ತೆ ಜೀವ ಬಂತು. “ಏಜೆಂಟರೆಲ್ಲಿ? ಪೆಟ್ಟಿಗೆ ಖಾಲಿ ಇದೆ ಅಂತ ತೋರಿಸಿದ್ರಾ? ತೆಗೀರಿ, ತೆಗೀರಿ!” ತೆಗೆದರೆ ಒಳಗೆ ನಿರ್ದೇಶಕನ ನಾಸಿ ಲೆಮಾಕ್ ಪೊಟ್ಟಣ! ತೆಂಗಿನಹಾಲಿನ ಅನ್ನದ ಜೊತೆ ಅರ್ಧ ಮೊಟ್ಟೆಯೂ ಇತ್ತು. ಅಕ್ರಮ ಬಯಲಾಯಿತೆಂದು ಇಡೀ ಶಾಲೆ ಬಿದ್ದು ಬಿದ್ದು ನಕ್ಕಿತು. ನಿರ್ದೇಶಕ ಚಿಕ್ಕ ವಯಸ್ಸಿನವನು, ಒಳ್ಳೆಯವನು. ಕೈಮುಗಿದು, ಅತ್ತೆಯನ್ನೇ ಮತಗಟ್ಟೆಯ ಅಧಿಕಾರಿಯ ಕುರ್ಚಿಯಲ್ಲಿ ಕೂರಿಸಿದ. ಆ ಕುರ್ಚಿಯಲ್ಲಿ ಅವರು ಕೂತ ಠೀವಿಯೇ ಠೀವಿ!

ದೃಶ್ಯ ಹೀಗೆ: ಪಟ್ಟಿಯಲ್ಲಿ ಹೆಸರಿಲ್ಲವೆಂದು ಹಳದಿ ರಿಬ್ಬನ್ನಿನ ಹೆಂಗಸೊಬ್ಬಳು ನೀಲಿ ರಿಬ್ಬನ್ನಿನ ಅಧಿಕಾರಿಯ ಮೇಲೆ ಕೂಗಾಡಬೇಕು, ‘ಇದು ನಿನ್ನ ಊರಲ್ಲ, ಬಂದಲ್ಲಿಗೇ ತೊಲಗು’ ಎನ್ನಬೇಕು. ಇವರಿಬ್ಬರೂ ಗೆಳತಿಯರು, ಹೆದರುವುದಿಲ್ಲ ಎಂದು ಎಂಟನೇ ಮಹಡಿಯವರನ್ನೇ ಮುಂದೆ ನಿಲ್ಲಿಸಿದರು. ಮೊದಲ ಸಲ ಅವರಿಗೆ ನಗು ಬಂತು. ಎರಡನೇ ಸಲ ಇಬ್ಬರಿಗೂ ಬಂತು. “ಆಂಟಿ, ಒಂದೇ ಒಂದು ಸಲ ನಿಜವಾಗಿ ಕೂಗಿ ಲಾ,” ಎಂದು ನಿರ್ದೇಶಕ ಬೇಡಿಕೊಂಡ.

ಅವರು ಒಂದು ಕ್ಷಣ ಕಣ್ಣುಮುಚ್ಚಿ ನಿಂತರು. ಆಮೇಲೆ ಕೂಗಿದರು. ಆ ಧ್ವನಿ ಅವರದ್ದೆಂದು ನನಗನ್ನಿಸಲೇ ಇಲ್ಲ, ಯಾವನೋ ಗಂಡಸಿನದ್ದಿರಬೇಕು! ಚಾಚಿದ ಬೆರಳು ಅತ್ತೆಯ ಹಣೆಗೆ ತಾಗುವಂತಿತ್ತು, ಬಾಯಿಂದ ಎಂಜಲು ಹಾರುತ್ತಿತ್ತು.  ನೀಲಿ ಲೈನಿನಲ್ಲಿದ್ದ ಒಂದು ಮಗು ಅಳಲು ಶುರುಮಾಡಿತು. “ಸೂಪರ್!” ಎಂದು ನಿರ್ದೇಶಕ ಚಪ್ಪಾಳೆ ತಟ್ಟಿದ. ಬೇರೆ ಯಾರೂ ತಟ್ಟಲಿಲ್ಲ.

ಅತ್ತೆ ಎದ್ದರು. ಪಟ್ಟಿ ಮಡಚಿದರು. “ಗಲಾಟೆಯಾದ್ದರಿಂದ ಈ ಮತಗಟ್ಟೆಯಲ್ಲಿ ಮತದಾನ ನಿಲ್ಲಿಸಲಾಗಿದೆ,” ಎಂದು ಕನ್ನಡದಲ್ಲಿ ಘೋಷಿಸಿ, ಪೆಟ್ಟಿಗೆಯನ್ನು ಕಂಕುಳಲ್ಲಿಟ್ಟುಕೊಂಡು ಹೊರನಡೆದರು! ಗೇಟಿನಲ್ಲಿ ಅದನ್ನು ಬಿಡಿಸಿಕೊಳ್ಳಲು ಮೂರು ಜನ ಬೇಕಾಯಿತು.

ಕಾರಿನಲ್ಲಿ ನಾನು, “ಅದು ಆ್ಯಕ್ಟಿಂಗ್ ಅತ್ತೆ,” ಎಂದೆ.

“ಆ್ಯಕ್ಟಿಂಗಾ? ಮೂವತ್ತು ವರ್ಷ ಮಕ್ಕಳ ಕೈಲಿ ನಾಟಕ ಆಡಿಸಿದ್ದೀನಿ. ಸುಳ್ಳು ಕೋಪ ಯಾವುದು, ನಿಜದ್ದು ಯಾವುದು ಅಂತ ನನಗೆ ಗೊತ್ತಾಗಲ್ವೇನೇ? ಅದು ಒಳಗಿಂದ ಬಂದಿದ್ದು. ಇಷ್ಟು ದಿನ ನನ್ನ ಮೇಲೆ ಅದನ್ನ ಇಟ್ಕೊಂಡೇ ನನ್ನ ಜೊತೆ ನಡೀತಿದ್ರು.”

ಮಾರನೇ ದಿನ ಏಳು ಗಂಟೆಯಾದರೂ ಅತ್ತೆ ಚಪ್ಪಲಿ ಹಾಕಲಿಲ್ಲ. ಅದರ ಮಾರನೇ ದಿನವೂ ಇಲ್ಲ. ಬಾಲ್ಕನಿಗೂ ಹೋಗಲಿಲ್ಲ, ಅಲ್ಲಿಂದ ಈಜುಕೊಳ ಕಾಣುತ್ತದಲ್ಲ. ನನ್ನ ಸಾರಿನಲ್ಲಿ ತಪ್ಪು ಹುಡುಕುವುದನ್ನೂ ಬಿಟ್ಟರು. ನನಗೆ ನಿಜವಾಗಿ ಭಯವಾದದ್ದು ಆಗ.

ಮೂರನೇ ದಿನ ಬೆಳಿಗ್ಗೆ ಬಾಗಿಲ ಬೆಲ್ ಆಯಿತು. ಎಂಟನೇ ಮಹಡಿಯವರು ನಿಂತಿದ್ದರು, ಪಕ್ಕದಲ್ಲಿ ತಮಿಳು ಅಕ್ಕ. ಒಳಗೆ ಬಂದು ಸೋಫಾದ ತುದಿಯಲ್ಲಿ ಕೂತವರು ಮಲಯ್‌ನಲ್ಲಿ ಮಾತಾಡುತ್ತಾ ಹೋದರು. ಅಕ್ಕ ತಮಿಳು, ಇಂಗ್ಲಿಷು ಬೆರೆಸಿ ನಮಗೆ ಹೇಳುತ್ತಾ ಹೋದರು. ಅವರು ಚಿಕ್ಕವರಿದ್ದಾಗ ಅವರೂರಿನಲ್ಲಿ ದೊಡ್ಡ ಗಲಾಟೆಯಾಯಿತಂತೆ. ಅಪ್ಪ ಅಮ್ಮ ಅಂಗಡಿಯಲ್ಲಿ ಸಿಕ್ಕಿಕೊಂಡಿದ್ದರಂತೆ. ಜನ ಮನೆ ಬಾಗಿಲು ಬಡಿದು ಅದೇ ಮಾತು ಕೂಗಿದರಂತೆ, ಇದು ನಿಮ್ಮ ಊರಲ್ಲ, ಬಂದಲ್ಲಿಗೇ ತೊಲಗಿ ಎಂದು. ಅವರ ಅಜ್ಜನೂ ಹುಟ್ಟಿದ್ದು ಅದೇ ಊರಿನಲ್ಲಿ.

“ಆ ಹುಡುಗ ನಿಜವಾಗಿ ಕೂಗಿ ಅಂದ,” ಎಂದರು ಅವರು. “ಆ ಮಾತನ್ನ ನಾನು ಕೇಳಿರೋದು ಒಂದೇ ಥರ. ಅದೇ ಬಂತು. ನನಗೆ ಅಂದಿದ್ದನ್ನ ನಾನು ನಿಮಗೆ ಅಂದುಬಿಟ್ಟೆ.”

ಅತ್ತೆ ಅವರನ್ನೇ ನೋಡುತ್ತಿದ್ದರು. “ಆಗ ಇವರಿಗೆ ಎಷ್ಟು ವಯಸ್ಸು, ಕೇಳು,” ಎಂದರು.

ಎಂಟು ಎಂದರು.

“ಮೂರನೇ ಕ್ಲಾಸು,” ಎಂದರು ಅತ್ತೆ ಮೆಲ್ಲಗೆ. “ಮನೇಲಿ ಜೊತೆಗೆ ಯಾರಿದ್ರಂತೆ?”

ಯಾರೂ ಇರಲಿಲ್ಲವಂತೆ. ಮಂಚದ ಕೆಳಗೆ ಒಬ್ಬರೇ ಇದ್ದರಂತೆ, ಬೆಳಗಾಗುವವರೆಗೆ.

ಅತ್ತೆ ಎದ್ದು ಹೋಗಿ ಅವರ ಪಕ್ಕದಲ್ಲಿ ಕೂತರು. ಸೆರಗಿನಿಂದ ಅವರ ಮುಖ ಒರೆಸಿದರು. ಆಮೇಲೆ ಅರವತ್ತು ದಾಟಿದ ಆ ಹೆಂಗಸಿನ ತಲೆಯನ್ನು ತಮ್ಮ ಹೆಗಲಿಗೆ ಒತ್ತಿಕೊಂಡು ಕನ್ನಡದಲ್ಲೇ ಹೇಳಿದರು, “ಹೆದರಬೇಡ ಮಗು. ಅವರೆಲ್ಲಾ ಹೊರಟುಹೋದರು.”