ಬೀಗಿತ್ತಿಯ ಢಬ್

ಬಸವನಗುಡಿಯ ನಮ್ಮ ಮಹಿಳಾ ಕಾಲೇಜಿನಲ್ಲಿ ವಾರ್ಷಿಕೋತ್ಸವದ ಹಾಡುಗಳನ್ನು ಸೋಸುವ ಕೆಲಸ ನನ್ನ ಪಾಲಿಗೆ ಬಂದಂದಿನಿಂದ ನನಗೆ ನಗುವುದಕ್ಕೆ ಬರವಿಲ್ಲ. ಈ ವರ್ಷದ್ದನ್ನು ಮಾತ್ರ ಬರೆದಿಡುತ್ತೇನೆ.

೧. ಫ್ಯಾನು

ಶೃಂಗಾರದ ಹಾಡೆಂದರೆ ನಮ್ಮ ಪ್ರಿನ್ಸಿಪಾಲರಿಗೆ ಭಯ. ಹಿಂದೊಮ್ಮೆ ಅಂಥದ್ದನ್ನು ಹಾಡುತ್ತಿದ್ದಾಗಲೇ ಸಭಾಂಗಣದ ಫ್ಯಾನ್ ಕಳಚಿ ಬಿತ್ತೆಂದು ಪ್ರತೀತಿ. ನಾನು ರಿಪೇರಿ ರಿಜಿಸ್ಟರ್ ತೆಗೆದು ನೋಡಿದೆ. ಫ್ಯಾನ್ ಬಿದ್ದದ್ದು ಬೇಸಿಗೆ ರಜೆಯಲ್ಲಿ.

"ಸರ್, ಆವತ್ತು ಕಾಲೇಜಲ್ಲಿ ಯಾರೂ ಹಾಡ್ತಿರಲಿಲ್ಲ."

"ಯಾರೋ ಮನಸ್ಸಲ್ಲೇ ಹಾಡ್ಕೊಂಡಿರ್ತಾರೆ ಮೇಡಂ."

೨. ರವಿಕೆ

ಈ ಸಲ ಬಿ.ಎ. ಹುಡುಗಿಯೊಬ್ಬಳು ವೈಯಾಲಿಕಾವಲಿನ ತನ್ನ ಅಜ್ಜಿಯಿಂದ ಕಲಿತ ಬೀಗರ ಹಾಡನ್ನು ತಂದಳು. ಮದುವೆಮನೆಯಲ್ಲಿ ಎದುರು ಪಕ್ಷದವರನ್ನು ಹಂಗಿಸುವ ಹಾಡು: "ಬೀಗಿತ್ತಿಯ ರವಿಕೆ ಬಿಗಿಯಾಯ್ತು, ಉಂಡು ಏಳೋದ್ರೊಳಗೆ ಬಿರಿದ್ಹೋಯ್ತು." ಪ್ರಿನ್ಸಿಪಾಲರು "ರವಿಕೆ"ಯ ಮೇಲೆ ಕೆಂಪು ಗೆರೆ ಎಳೆದರು.

"ನಮ್ಮಜ್ಜಿ ಇಡೀ ಬೀದಿಗೆ ಹೇಳ್ಕೊಂಡು ಬಂದಿದಾರೆ ಮ್ಯಾಮ್. ಹಾಡು ಕ್ಯಾನ್ಸಲ್ ಆದ್ರೆ ಅವರ ಮುಖ ಹೇಗೆ ನೋಡ್ಲಿ?" ಹುಡುಗಿಯ ಕಣ್ಣು ತುಂಬಿತು.

ದಾರಿ ಸೂಚಿಸಿದವಳು ನಾನೇ: ಆ ಪದ ಬರುವಲ್ಲಿ ಡೋಲಕ್ಕಿನ ಮೇಲೆ ಒಂದು ಢಬ್.

ರಿಹರ್ಸಲ್ಲಿನಲ್ಲಿ "ಬೀಗಿತ್ತಿಯ ಢಬ್ ಬಿಗಿಯಾಯ್ತು" ಎಂದದ್ದೇ ತಡ, ಗಣಿತದ ಮೇಡಂ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

"ಛೀ! ಏನ್ರೀ ಅದು?"

"ರವಿಕೆ ಕಣ್ರೀ."

"ಸುಮ್ನಿರಿ. ರವಿಕೆಗೆ ಯಾರಾದ್ರೂ ಡೋಲಕ್ ಬಡೀತಾರಾ?"

೩. ಅಜ್ಜಿ

ಉತ್ಸವದ ದಿನ ಅಜ್ಜಿ ರೇಷ್ಮೆ ಸೀರೆಯುಟ್ಟು ಪ್ರಿನ್ಸಿಪಾಲರ ಪಕ್ಕದಲ್ಲೇ ಕುಳಿತಿದ್ದರು. ಮೊದಲ ಢಬ್ಬಿಗೆ ಸಭೆ ಮುಸಿಮುಸಿ ನಕ್ಕಿತು. ಎರಡನೆಯದಕ್ಕೆ ಸಿಳ್ಳೆ ಬಿತ್ತು. ಮೂರನೆಯದಕ್ಕೆ ಹಿಂದಿನ ಸಾಲುಗಳು ತಮಗೆ ತೋಚಿದ ಪದಗಳನ್ನೇ ಸೇರಿಸಿ ಕೂಗಿದವು. ಅವನ್ನು ಇಲ್ಲಿ ಬರೆಯಲಾರೆ. ವೇದಿಕೆಯ ಮೇಲೆ ಹುಡುಗಿಯ ದನಿ ನಡುಗತೊಡಗಿತು.

ಅಜ್ಜಿ ಎದ್ದರು. "ನಿಲ್ಸ್ರೇ! ಅಂಥ ಹಲ್ಕಾ ಹಾಡು ನಾನು ಹೇಳ್ಕೊಟ್ಟಿಲ್ಲ. ಅದು ರವಿಕೆ! ಬರೀ ರವಿಕೆ ಕಣ್ರಮ್ಮಾ!"

ಪ್ರಿನ್ಸಿಪಾಲರು ಬೆವರೊರೆಸಿಕೊಂಡು ಕೈಮುಗಿದರು. "ಅಷ್ಟೇ ತಾನೇ ತಾಯಿ? ದಯವಿಟ್ಟು ನೀವೇ ಪೂರ್ತಿ ಹಾಡ್ಬಿಡಿ."

ಅಜ್ಜಿ ವೇದಿಕೆ ಹತ್ತಿ ಮೊಮ್ಮಗಳ ಕೈಹಿಡಿದು ಹಾಡಿದರು. ರವಿಕೆ ನಿರ್ವಿಘ್ನವಾಗಿ ಬಿರಿಯಿತು, ಚಪ್ಪಾಳೆಯೂ ಬಿತ್ತು. ಆ ಹುಮ್ಮಸ್ಸಿನಲ್ಲಿ, ಮೊಮ್ಮಗಳಿಗೆ ಅದುವರೆಗೆ ಕಲಿಸದೆ ಉಳಿಸಿಕೊಂಡಿದ್ದ ಎರಡನೆಯ ಚರಣವನ್ನು ಎತ್ತಿಕೊಂಡರು. ಅದು ಬೀಗರ ಪಂಚೆಯದು.

ಒಂದೂವರೆ ಸಾಲು ಮುಗಿಯುವಷ್ಟರಲ್ಲಿ ಪ್ರಿನ್ಸಿಪಾಲರು ಎದ್ದುನಿಂತು ಡೋಲಕ್ಕಿನ ಹುಡುಗಿಯತ್ತ ಕೂಗಿದರು: "ಢಬ್! ಬೇಗ ಢಬ್!"

ಅವಳು ಡೋಲಕ್ಕನ್ನು ಅಪ್ಪಿಕೊಂಡು ನಗುತ್ತಿದ್ದಳು. ನಾನು ತಲೆಯೆತ್ತಿ ನೋಡಿದೆ. ಫ್ಯಾನ್ ತನ್ನ ಪಾಡಿಗೆ ತಾನು ತಿರುಗುತ್ತಿತ್ತು.